ನಿಮಗಿದು ಗೊತ್ತೇ? ಗೇಮ್ ಕಂಟ್ರೋಲರ್‌ಗಳ ಸೋಲು–ಗೆಲುವು

ವಿಡಿಯೊ ಗೇಮ್ ಕನ್ಸೋಲ್ ಕೊಳ್ಳಲು ಹೋದವರು ಬೆಲೆ ಕೇಳುತ್ತಾರೆ, ಚಿತ್ರ ಎಷ್ಟು ಚೆನ್ನಾಗಿ ಬರುತ್ತದೆ ಎಂದು ವಿಚಾರಿಸುತ್ತಾರೆ. ಕೈಗೆ ಬರುವ ಕಂಟ್ರೋಲರ್ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಕಡಿಮೆ. ಎಷ್ಟೋ ಕನ್ಸೋಲ್‌ಗಳನ್ನು ಎತ್ತಿ ನಿಲ್ಲಿಸಿದ್ದು ಅದೇ ಕಂಟ್ರೋಲರ್, ಮುಳುಗಿಸಿದ್ದೂ ಅದೇ. ಜಪಾನ್, ಅಮೆರಿಕದ ದೊಡ್ಡ ಕಂಪನಿಗಳು ಆಡುತ್ತಿದ್ದ ಈ ಕಣಕ್ಕೆ ಕೊಚ್ಚಿಯ ಎಂಜಿನಿಯರ್‌ಗಳೂ ಒಮ್ಮೆ ಧುಮುಕಿದ್ದರು. ಅಲ್ಲಿಂದಲೇ ಶುರು ಮಾಡೋಣ.

ಕೊಚ್ಚಿಯ ಉಂಗುರ

● 2014ರ ಆರಂಭದಲ್ಲಿ ಕೊಚ್ಚಿಯ ಆರ್‌ಎಚ್‌ಎಲ್ ವಿಷನ್ ಎಂಬ ಪುಟ್ಟ ಕಂಪನಿ ‘ಫಿನ್’ ಎಂಬ ಉಂಗುರವನ್ನು ಜಗತ್ತಿನ ಮುಂದಿಟ್ಟಿತು. ಹೆಬ್ಬೆರಳಿಗೆ ಹಾಕಿಕೊಳ್ಳುವ ಉಂಗುರ ಅದು. ಟಿವಿ, ಫೋನು, ಗೇಮ್ ಎಲ್ಲವನ್ನೂ ಬೆರಳ ಚಲನೆಯಿಂದಲೇ ನಡೆಸಬಹುದು ಎಂಬುದು ಅದರ ಹಿಂದಿನ ಕನಸು. ಕಂಪನಿ ಕಟ್ಟಿದ ರೋಹಿಲ್‌ದೇವ್ ಆಗಿನ್ನೂ ಇಪ್ಪತ್ತರ ಹರೆಯದ ಎಂಜಿನಿಯರ್.

● ಆ ಉಂಗುರದ ‘ಬಟನ್’ಗಳು ಎಲ್ಲಿದ್ದವು ಗೊತ್ತೇ? ನಮ್ಮ ಬೆರಳುಗಳ ಮೇಲೆಯೇ! ಹೆಬ್ಬೆರಳು ಬಿಟ್ಟರೆ ಉಳಿಯುವುದು ನಾಲ್ಕು ಬೆರಳು, ಒಂದೊಂದಕ್ಕೆ ಮೂರು ಗೆಣ್ಣು. ಒಟ್ಟು 12 ಜಾಗ. ಹೆಬ್ಬೆರಳು ಯಾವ ಗೆಣ್ಣನ್ನು ಮುಟ್ಟಿತು ಎಂಬುದನ್ನು ಉಂಗುರ ಗುರುತಿಸಿ ಬ್ಲೂಟೂತ್ ಮೂಲಕ ಯಂತ್ರಕ್ಕೆ ತಿಳಿಸಬೇಕು, ಇದು ವಿನ್ಯಾಸದ ತಿರುಳು. ಅಜ್ಜಿ ಜಪ ಎಣಿಸುವುದು, ಸಂಗೀತದ ವಿದ್ಯಾರ್ಥಿ ತಾಳದ ಲೆಕ್ಕ ಇಡುವುದು, ಅಂಗಡಿಯವರು ದಿನ ಎಣಿಸುವುದು ಇದೇ ಗೆಣ್ಣುಗಳ ಮೇಲೆ. ನಮ್ಮವರಿಗೆ ಕಲಿಸಬೇಕಾದ ಅಗತ್ಯವೇ ಇಲ್ಲದ ಕಂಟ್ರೋಲರ್ ಇದ್ದರೆ ಅದು ಇದೇ ಆಗಿತ್ತು.

● ಇಂಡಿಗೋಗೋ ತಾಣದಲ್ಲಿ ಜನರಿಂದ 1 ಲಕ್ಷ ಡಾಲರ್ ಕೇಳಿದ ತಂಡಕ್ಕೆ ಬಂದದ್ದು 2 ಲಕ್ಷಕ್ಕೂ ಹೆಚ್ಚು. ಭಾರತದ ಹಾರ್ಡ್‌ವೇರ್ ಕಂಪನಿಯೊಂದಕ್ಕೆ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ.

● ಈ ತಂಡ ಬೆಳೆದದ್ದು ಕಳಮಶ್ಶೇರಿಯ ಸ್ಟಾರ್ಟಪ್ ವಿಲೇಜ್‌ನಲ್ಲಿ. 2012ರಲ್ಲಿ ಶುರುವಾದ ಆ ಸಂಸ್ಥೆಗೆ ಮುಖ್ಯ ಮಾರ್ಗದರ್ಶಕರಾಗಿದ್ದವರು ಇನ್ಫೊಸಿಸ್ ಸಹ-ಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್.

● 2015ರ ಹೊತ್ತಿಗೆ ಫಿನ್ ಹೆಸರು ‘ನೆಯ್ಯಾ’ ಎಂದು ಬದಲಾಯಿತು. ರೂಪ ಆಭರಣದಂತಾಯಿತು. ಉಂಗುರದ ಮೇಲ್ಮೈ ಸವರಿ ಪ್ರೆಸೆಂಟೇಷನ್ ಸ್ಲೈಡ್ ಬದಲಿಸುವುದು, ಹಾಡು ಮುಂದೂಡುವುದು, ಕರೆ ಸ್ವೀಕರಿಸುವುದು ಅದರ ಮುಖ್ಯ ಕೆಲಸವಾಯಿತು. ಗೇಮ್ ಹಿಂದೆ ಸರಿಯಿತು. ಹೊಸ ಕಂಟ್ರೋಲರ್ ಎಷ್ಟೇ ಜಾಣ ಆಗಿದ್ದರೂ ಅದಕ್ಕೆಂದೇ ಬರೆದ ಆಟ ಬೇಕು. ಆಟ ಇಲ್ಲದಿದ್ದರೆ ಅದು ಬೇರೆ ಕೆಲಸ ಹುಡುಕಿಕೊಳ್ಳುತ್ತದೆ.

ಎತ್ತಿ ನಿಲ್ಲಿಸಿದವು

● 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ನೆಲಕಚ್ಚಿತು. ಗೇಮ್ ಎಂದರೆ ಅಂಗಡಿಯವರು ಬಾಗಿಲು ಹಾಕುವ ಸ್ಥಿತಿ. 1985ರಲ್ಲಿ ನಿಂಟೆಂಡೊ ತನ್ನ ಎನ್‌ಇಎಸ್ ಕನ್ಸೋಲ್ ಜೊತೆ ‘ರಾಬ್’ ಎಂಬ ಪುಟ್ಟ ರೋಬೊ ಇಟ್ಟು ಅದನ್ನು ಆಟಿಕೆಯಂತೆ ತೋರಿಸಿತು. ರಾಬ್‌ಗೆ ಬಂದದ್ದು ಎರಡೇ ಗೇಮ್. ಆದರೂ ಕನ್ಸೋಲ್ ಅಂಗಡಿಯ ಹೊಸ್ತಿಲು ದಾಟಿತು, ಅಷ್ಟು ಸಾಕಾಗಿತ್ತು.

● 1990ರ ದಶಕದಲ್ಲಿ ನಮ್ಮ ಊರುಗಳಲ್ಲಿ ‘ಟಿವಿ ಗೇಮ್’ ಎಂದು ಮಾರಾಟವಾದ ಅಗ್ಗದ ನಕಲುಗಳ ಮೂಲ ಇದೇ ಎನ್‌ಇಎಸ್ ಕುಟುಂಬ. ಡಬ್ಬಿಯಲ್ಲಿ ಎರಡು ಕಂಟ್ರೋಲರ್, ಒಂದು ಕ್ಯಾಸೆಟ್, ಜೊತೆಗೆ ಬಾತುಕೋಳಿ ಹೊಡೆಯಲು ಒಂದು ಪ್ಲಾಸ್ಟಿಕ್ ಗನ್.

● ಆ ಗನ್‌ನಿಂದ ಏನೂ ಹಾರುತ್ತಿರಲಿಲ್ಲ ಎಂಬುದು ಗೊತ್ತೇ? ಗನ್ ಬೆಳಕನ್ನು ಬಿಡುತ್ತಿರಲಿಲ್ಲ, ನೋಡುತ್ತಿತ್ತು. ಕುದುರೆ ಎಳೆದ ಕ್ಷಣ ಇಡೀ ಪರದೆ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ನಳಿಕೆಯೊಳಗಿನ ಬೆಳಕಿನ ಸೆನ್ಸರ್‌ಗೆ ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಉರಿಯುತ್ತಿರುವ ಬಲ್ಬಿಗೆ ಹಿಡಿದು ಮೋಸ ಮಾಡಲು ಹೋದರೆ ಕತ್ತಲು ಕಾಣದು, ಅಂಕ ಸಿಗದು.

● ಆ ಗನ್ ಪಿಕ್ಚರ್ ಟ್ಯೂಬ್ ಇರುವ ಟಿವಿಗೇ ಹೇಳಿ ಮಾಡಿಸಿದ್ದು. ಇಂದಿನ ಎಲ್‌ಇಡಿ ಟಿವಿಯಲ್ಲಿ ಚಿತ್ರ ಮೂಡುವ ರೀತಿ ಬೇರೆ, ಸ್ವಲ್ಪ ತಡವೂ ಆಗುತ್ತದೆ. ಹಳೆಯ ಗನ್ ಅಲ್ಲಿ ಕುರುಡು. ಅಟ್ಟದ ಮೇಲಿನ ಟಿವಿ ಗೇಮ್ ಇಳಿಸಿ ಮಕ್ಕಳಿಗೆ ಕೊಡುವವರು ಇದನ್ನು ನೆನಪಿಡಬೇಕು.

● ಕೂಡಿಸುವ ಚಿಹ್ನೆಯಂತಿರುವ ದಿಕ್ಕಿನ ಬಟನ್ ಇಂದು ಹೆಚ್ಚಿನ ಕಂಟ್ರೋಲರ್‌ಗಳಲ್ಲಿ ಇದೆ. 1982ರಲ್ಲಿ ನಿಂಟೆಂಡೊದ ಗುನ್ಪೇ ಯೊಕೊಯಿ ಅಂಗೈಯಗಲದ ಡಾಂಕಿ ಕಾಂಗ್ ಗೇಮ್‌ಗಾಗಿ ಅದನ್ನು ರೂಪಿಸಿದಾಗ, ಜಾಯ್‌ಸ್ಟಿಕ್‌ಗೆ ಒಗ್ಗಿದ್ದವರಿಗೆ ಅದೂ ವಿಚಿತ್ರವೇ. ಕೈಯಲ್ಲಿ ನಡುಗುವ ಕಂಟ್ರೋಲರ್ ಮನೆಮನೆಗೆ ಬಂದದ್ದು 1997ರ ಸುಮಾರಿಗೆ. ನಿನ್ನೆಯ ವಿಚಿತ್ರ ಇಂದಿನ ರೂಢಿ.

● 2006ರಲ್ಲಿ ಬಂದ ನಿಂಟೆಂಡೊ ವೀ ಕನ್ಸೋಲ್‌ನ ಕಂಟ್ರೋಲರ್ ಟಿವಿ ರಿಮೋಟ್‌ನಂತಿತ್ತು. ಟೆನಿಸ್ ಆಡಬೇಕೆ? ರ‍್ಯಾಕೆಟ್ ಬೀಸಿದಂತೆ ಕೈ ಬೀಸಿದರಾಯಿತು. ಗೇಮ್ ಎಂದರೆ ದೂರ ಓಡುತ್ತಿದ್ದ ತಾಯಂದಿರು, ತಾತಂದಿರು ಎದ್ದು ನಿಂತು ಆಡಿದರು. ಅದರ ಹಿಂದಿನ ಗೇಮ್‌ಕ್ಯೂಬ್ ಮಾರಾಟವಾದದ್ದು ಸುಮಾರು 2.17 ಕೋಟಿ, ವೀ 10.16 ಕೋಟಿ! ಚಿತ್ರದ ಗುಣಮಟ್ಟದಲ್ಲಿ ವೀ ತನ್ನ ಎದುರಾಳಿಗಳಿಗಿಂತ ಹಿಂದಿತ್ತು. ಗೆಲ್ಲಿಸಿದ್ದು ರಿಮೋಟ್. ಹೆಚ್ಚಿನ ದೇಶಗಳಲ್ಲಿ ‘ವೀ ಸ್ಪೋರ್ಟ್ಸ್’ ಗೇಮ್ ಡಬ್ಬಿಯೊಳಗೇ ಇತ್ತು ಎಂಬುದನ್ನೂ ಮರೆಯಬಾರದು.

● ಟಿವಿ ಬಳಿ ಇಡುವ ವೀ ‘ಸೆನ್ಸರ್ ಬಾರ್’ಗೆ ಏನನ್ನೂ ಗ್ರಹಿಸುವ ಶಕ್ತಿಯಿಲ್ಲ. ಅದು ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬೀರುತ್ತದೆ, ನೋಡುವ ಕ್ಯಾಮೆರಾ ಇರುವುದು ರಿಮೋಟ್‌ನ ಮೂತಿಯಲ್ಲಿ. ಬಾರ್ ಕೆಟ್ಟಾಗ ಎರಡು ಮೇಣದಬತ್ತಿ ಹಚ್ಚಿಟ್ಟು ಆಡಿದವರಿದ್ದಾರೆ, ಆಟ ನಡೆದಿದೆ.

● ಆಟದ ಹುರುಪಿನಲ್ಲಿ ರಿಮೋಟ್ ಕೈಜಾರಿ ಟಿವಿಗಳು ಒಡೆದವು. 2006ರ ಡಿಸೆಂಬರ್‌ನಲ್ಲಿ ನಿಂಟೆಂಡೊ 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಉಚಿತವಾಗಿ ಬದಲಿಸಿಕೊಡಬೇಕಾಯಿತು.

● ಮೈ ಚಲನೆಯ ಆಟ ನಮ್ಮಲ್ಲೂ ತಯಾರಾಯಿತು. ಸೋನಿಯ ‘ಮೂವ್’ ಕೋಲನ್ನೇ ಬ್ಯಾಟ್ ಮಾಡಿ ಬೀಸುವ ಗಲ್ಲಿ ಕ್ರಿಕೆಟ್ ಗೇಮ್ ಒಂದನ್ನು ಮುಂಬೈನ ಟ್ರೈನ್ ಗೇಮ್ಸ್ ಪ್ಲೇಸ್ಟೇಷನ್ 3ಕ್ಕೆ ರೂಪಿಸಿತು.

● 2019ರ ‘ರಿಂಗ್ ಫಿಟ್ ಅಡ್ವೆಂಚರ್’ ಗೇಮ್‌ನ ಕಂಟ್ರೋಲರ್ ಬಗ್ಗಿಸಬಹುದಾದ ದೊಡ್ಡ ಬಳೆ, ತೊಡೆಗೊಂದು ಪಟ್ಟಿ. ಬಳೆ ಒತ್ತಿದರೆ ಗಾಳಿಯ ಹೊಡೆತ, ನಿಂತಲ್ಲೇ ಓಡಿದರೆ ಮುನ್ನಡೆ. 1.5 ಕೋಟಿಗೂ ಹೆಚ್ಚು ಮಾರಾಟ. ಕಂಟ್ರೋಲರ್ ಮತ್ತು ಆಟ ಇಲ್ಲೂ ಒಂದೇ ಡಬ್ಬಿಯಲ್ಲಿ.

ಮುಳುಗಿಸಿದವು

● 1989ರಲ್ಲಿ ಮ್ಯಾಟೆಲ್ ತಂದ ‘ಪವರ್ ಗ್ಲೋವ್’ ಕೈಗವಸಿನ ಕಂಟ್ರೋಲರ್. ಕೈ ಎಲ್ಲಿದೆ ಎಂಬುದನ್ನು ಕಿವಿಗೆ ಕೇಳದ ಶಬ್ದದಿಂದ ಅಳೆಯುತ್ತಿತ್ತು. ನೋಡಲು ಭರ್ಜರಿ, ಆಡಲು ಪೇಚಾಟ. ಅದಕ್ಕೆಂದೇ ಬಂದದ್ದು ಎರಡು ಗೇಮ್. ಮಿಕ್ಕವನ್ನು ಮಾಮೂಲಿ ಬಟನ್‌ಗಳಲ್ಲೇ ಚೆನ್ನಾಗಿ ಆಡಬಹುದಿತ್ತು.

● ಮೈಕ್ರೋಸಾಫ್ಟ್‌ನ ಕಿನೆಕ್ಟ್ ಕ್ಯಾಮೆರಾ 2010ರಲ್ಲಿ ಬಂದಾಗ ಕೈಯಲ್ಲಿ ಏನನ್ನೂ ಹಿಡಿಯಬೇಕಿರಲಿಲ್ಲ, ದೇಹವೇ ಕಂಟ್ರೋಲರ್. 60 ದಿನದಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು.

● ಅದೇ ಕಿನೆಕ್ಟ್ ಮೂರೇ ವರ್ಷದಲ್ಲಿ ಹೊರೆಯಾಯಿತು! 2013ರ ಎಕ್ಸ್‌ಬಾಕ್ಸ್ ಒನ್ ಕನ್ಸೋಲ್ ಜೊತೆ ಅದನ್ನು ಕಡ್ಡಾಯವಾಗಿ ಕೊಟ್ಟದ್ದರಿಂದ ಬೆಲೆ 499 ಡಾಲರ್ ಆಯಿತು. ಎದುರಾಳಿ ಪ್ಲೇಸ್ಟೇಷನ್ 4 ಬಂದದ್ದು 399ಕ್ಕೆ. ಹೊಸ ಆಟಗಳು ಕಿನೆಕ್ಟ್ ಕಡೆ ತಿರುಗಿಯೂ ನೋಡದಿರುವಾಗ ಆ 100 ಡಾಲರ್ ಯಾಕೆ ಕೊಡಬೇಕು? 2014ರ ಜೂನ್‌ನಲ್ಲಿ ಕಿನೆಕ್ಟ್ ಇಲ್ಲದ ಡಬ್ಬಿ ಬಂತು, 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತಿತು.

● 2012ರ ವೀ ಯು ಕನ್ಸೋಲ್‌ಗೆ 6.2 ಇಂಚು ಪರದೆಯ ದೊಡ್ಡ ಕಂಟ್ರೋಲರ್. ಅದು ಹೊಸ ಕನ್ಸೋಲೋ, ಹಳೆ ವೀಗೆ ಬಂದ ಬಿಡಿಭಾಗವೋ ಎಂದು ಗ್ರಾಹಕರಿಗೇ ಗೊಂದಲ. ಮಾರಾಟ 1.36 ಕೋಟಿಯಷ್ಟಕ್ಕೇ ನಿಂತಿತು. ಪರದೆಯನ್ನು ಕೈಯಲ್ಲಿ ಹಿಡಿದು ಆಡುವ ವಿಚಾರ ಕೆಟ್ಟದಾಗಿರಲಿಲ್ಲ: ಇಡೀ ಕನ್ಸೋಲನ್ನೇ ಆ ಪರದೆಯೊಳಗೆ ಇಟ್ಟ 2017ರ ಸ್ವಿಚ್ 15 ಕೋಟಿ ದಾಟಿತು.

● ಚಿತ್ರ ಬಿಡಿಸುವ ‘ಯುಡ್ರಾ’ ಹಲಗೆ ವೀ ಕನ್ಸೋಲ್‌ನಲ್ಲಿ ಚೆನ್ನಾಗಿ ಓಡಿತು. ಆ ಧೈರ್ಯದಲ್ಲಿ ಟಿಎಚ್‌ಕ್ಯೂ ಕಂಪನಿ 2011ರಲ್ಲಿ ಅದನ್ನು ಬೇರೆ ಕನ್ಸೋಲ್‌ಗಳಿಗೂ ತಂದಿತು. ಸುಮಾರು 14 ಲಕ್ಷ ಹಲಗೆಗಳು ಮಾರಾಟವಾಗದೆ ಉಳಿದವು. 2012ರ ಕೊನೆಗೆ ಕಂಪನಿ ದಿವಾಳಿ ಅರ್ಜಿ ಹಾಕಿತು.

● 2005ರ ‘ಗಿಟಾರ್ ಹೀರೊ’ ಐದು ಬಣ್ಣದ ಬಟನ್‌ಗಳ ಪ್ಲಾಸ್ಟಿಕ್ ಗಿಟಾರಿನಿಂದ ಲೋಕಪ್ರಿಯವಾಯಿತು. ಆಮೇಲೆ ಡ್ರಮ್, ಮೈಕು, ಇನ್ನೊಂದು ಗಿಟಾರ್ ಎಂದು ಕೊಳ್ಳಿಸುತ್ತ ಹೋದರು. ಮನೆಯಲ್ಲಿ ಜಾಗ ತುಂಬಿತು, ಜನ ಬೇಸತ್ತರು. 2011ರಲ್ಲಿ ಅದರ ಪ್ರಕಾಶಕ ಕಂಪನಿ ಆಕ್ಟಿವಿಷನ್ ಗಿಟಾರ್ ಹೀರೊ ವಿಭಾಗವನ್ನೇ ಮುಚ್ಚಿತು.

ಮಾಲ್‌ನ ಲೆಕ್ಕ ಬೇರೆ

● 2013ರಲ್ಲಿ ಕೊಚ್ಚಿಯ ಇಡಪ್ಪಳ್ಳಿಯಲ್ಲಿ, 2021ರ ಡಿಸೆಂಬರ್‌ನಲ್ಲಿ ತಿರುವನಂತಪುರದ ಆಕ್ಕುಳಂನಲ್ಲಿ ಲುಲು ಮಾಲ್ ತೆರೆಯಿತು. ಎರಡರಲ್ಲೂ ದೊಡ್ಡ ಗೇಮ್ ವಲಯವಿದೆ. ಮನೆಯಲ್ಲಿ ಸೋತ ವಿಚಿತ್ರ ಕಂಟ್ರೋಲರ್‌ಗಳು ಇಂಥ ಕಡೆ ಸುಖವಾಗಿ ಬದುಕುತ್ತವೆ. ಸ್ಟೀರಿಂಗ್, ಬೈಕ್, ಗನ್ ಯಾವುದನ್ನೂ ನಾವು ಕೊಳ್ಳಬೇಕಿಲ್ಲ, ಮನೆಯಲ್ಲಿ ಜಾಗ ಹುಡುಕಬೇಕಿಲ್ಲ. ಕಾರ್ಡ್ ಉಜ್ಜಿ ಐದು ನಿಮಿಷ ಆಡಿ ಎದ್ದು ಬರುತ್ತೇವೆ. ಒಂದೇ ಯಂತ್ರಕ್ಕೆ ಒಂದೇ ಆಟ, ಹಾಗಾಗಿ ‘ಬೇರೆ ಆಟ ಎಲ್ಲಿ?’ ಎಂಬ ಪ್ರಶ್ನೆಯೂ ಏಳುವುದಿಲ್ಲ.

ಆಟದಾಚೆಗೂ

● ಐಫೋನ್ ನಿಮ್ಮ ಮುಖ ನೋಡಿ ಬೀಗ ತೆಗೆಯುವುದರ ಹಿಂದೆ ಕಿನೆಕ್ಟ್ ನಂಟಿದೆ. ಮೊದಲ ಕಿನೆಕ್ಟ್‌ಗೆ ಆಳ ಅಳೆಯುವ ತಂತ್ರ ಕೊಟ್ಟ ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯನ್ನು 2013ರಲ್ಲಿ ಆ್ಯಪಲ್ ಕೊಂಡಿತು.

● ಮ್ಯಾನ್‌ಹೋಲ್ ಶುಚಿ ಮಾಡುವ ‘ಬ್ಯಾಂಡಿಕೂಟ್’ ರೋಬೊ 2018ರಲ್ಲಿ ಕೆಲಸಕ್ಕಿಳಿದದ್ದು ತಿರುವನಂತಪುರದಲ್ಲಿ. ತಯಾರಿಸಿದ್ದು ಅಲ್ಲಿನ ಜೆನ್‌ರೊಬೊಟಿಕ್ಸ್. ರೋಬೊ ಕೆಳಗಿಳಿಯುತ್ತದೆ, ಕಾರ್ಮಿಕರು ರಸ್ತೆಯ ಮೇಲೆ ನಿಂತು ಕ್ಯಾಮೆರಾ ಚಿತ್ರ ನೋಡುತ್ತ ಅದನ್ನು ನಡೆಸುತ್ತಾರೆ. ಗುಂಡಿಗೆ ಇಳಿಯುತ್ತಿದ್ದವರೇ ಅದರ ಆಪರೇಟರ್ ಆಗಬೇಕು ಎಂಬುದು ಕಂಪನಿಯ ಗುರಿ. ಓದು ಕಡಿಮೆ ಇದ್ದವರಿಗೂ ಒಗ್ಗುವ ನಿಯಂತ್ರಣ ಫಲಕ ಬೇಕಾದದ್ದು ಅದಕ್ಕೇ. ಕಂಟ್ರೋಲರ್ ವಿನ್ಯಾಸ ಇಲ್ಲಿ ಜೀವ ಉಳಿಸುವ ವಿಷಯ.

● 2018ರ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನಲ್ಲಿ ಎರಡು ದೊಡ್ಡ ಬಟನ್, ಹಿಂಬದಿಯಲ್ಲಿ ಸಾಲು ಸಾಲು ಕಿಂಡಿಗಳು. ಕಾಲಿನಿಂದ, ಮೊಣಕೈಯಿಂದ, ಗಲ್ಲದಿಂದ ಒತ್ತುವ ಸ್ವಿಚ್‌ಗಳನ್ನು ಅಲ್ಲಿಗೆ ಸೇರಿಸಿ ಆಡಬಹುದು. ಬೆರಳುಗಳಲ್ಲಿ ಬಲವಿಲ್ಲದವರೂ ತೆರೆಯುವಂತೆ ಅದರ ಡಬ್ಬಿಯನ್ನೇ ಬೇರೆ ಮಾಡಿದರು. 2023ರ ಡಿಸೆಂಬರ್‌ನಲ್ಲಿ ಸೋನಿ ಕೂಡ ‘ಆಕ್ಸೆಸ್’ ತಂದಿತು. ಈ ಎರಡನ್ನೂ ಮಾರಾಟದ ಅಂಕಿಯಿಂದ ಅಳೆಯುವುದು ತಪ್ಪು. ಆಟದಿಂದ ಹೊರಗುಳಿದಿದ್ದ ಮಗುವನ್ನು ಗೆಳೆಯರ ಪಕ್ಕ ಕೂರಿಸುವುದು ಇವುಗಳ ಕೆಲಸ.

● ಇಂಥದ್ದನ್ನು ನಮ್ಮಲ್ಲೇ ತಯಾರಿಸಲು ಬೇಕಾದದ್ದೆಲ್ಲ ಕೊಚ್ಚಿ, ತಿರುವನಂತಪುರಗಳಲ್ಲಿದೆ. ಅಂಗವಿಕಲರಿಗೆ ನೆರವಾಗುವ ತಂತ್ರಜ್ಞಾನಕ್ಕೆ ತಿರುವನಂತಪುರದ ನಿಶ್ ಸಂಸ್ಥೆಯಲ್ಲಿ ಪ್ರತ್ಯೇಕ ಕೇಂದ್ರವಿದೆ. ಎಲೆಕ್ಟ್ರಾನಿಕ್ಸ್ ಹೊಸ ಕಂಪನಿಗಳಿಗೆ ಕಳಮಶ್ಶೇರಿಯ ಮೇಕರ್ ವಿಲೇಜ್ ಇದೆ. ಮಾದರಿ ಮಾಡಿನೋಡಲು ಕೇರಳ ಸ್ಟಾರ್ಟಪ್ ಮಿಷನ್‌ನ ಫ್ಯಾಬ್ ಲ್ಯಾಬ್‌ಗಳು ಎರಡೂ ಊರಿನಲ್ಲಿವೆ.

ಹಾಗಾದರೆ ತೀರ್ಪೇನು?

ವಿಚಿತ್ರ ಕಂಟ್ರೋಲರ್ ಕನ್ಸೋಲ್‌ಗೆ ಒಳ್ಳೆಯದೋ ಕೆಟ್ಟದ್ದೋ? ಮೇಲಿನ ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಡಬ್ಬಿಯೊಳಗೇ ಬಂದು, ಬೆಲೆ ಏರಿಸದೆ, ಆಡಲು ಒಳ್ಳೆಯ ಆಟ ಜೊತೆಗಿದ್ದು, ಮನೆಯ ಹಿರಿಯರಿಗೂ ಹೇಳಿಕೊಡದೆ ಅರ್ಥವಾದದ್ದು ಗೆದ್ದಿದೆ. ಆಟ ಇಲ್ಲದೆ ಬಂದದ್ದು, ಬಲವಂತವಾಗಿ ಬೆಲೆಗೆ ಸೇರಿದ್ದು, ಜಾಗ ತಿಂದದ್ದು ಸೋತಿದೆ.

ಕೊಚ್ಚಿಯ ಉಂಗುರಕ್ಕೆ ಬೆರಳ ಗೆಣ್ಣಿನ ಜಾಣ್ಮೆ ಇತ್ತು, ಕೈಹಿಡಿಯುವ ಆಟವೊಂದು ಸಿಗಲಿಲ್ಲ. ಕೊಚ್ಚಿ, ತಿರುವನಂತಪುರ, ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಹೊಸ ಕಂಟ್ರೋಲರ್ ಮಾಡುವ ಮುನ್ನ ಅದರಲ್ಲಿ ಆಡುವ ಮೊದಲ ಆಟವನ್ನು ಬರೆಯಿರಿ. ಆ ಆಟವನ್ನು ನಿಮ್ಮ ಅಜ್ಜಿಯ ಕೈಗೂ, ಗಾಲಿಕುರ್ಚಿಯಲ್ಲಿ ಕೂತ ಗೆಳೆಯನ ಕೈಗೂ ಕೊಟ್ಟು ನೋಡಿ. ಇಬ್ಬರೂ ಇನ್ನೊಮ್ಮೆ ಆಡುತ್ತೇವೆ ಎಂದರೆ ನಿಮ್ಮ ಕೈಯಲ್ಲಿರುವುದು ಗೆಲ್ಲುವ ಕಂಟ್ರೋಲರ್.