ನಿಮಗಿದು ಗೊತ್ತೇ? ಕೊರಿಯಾದ ಅಡುಗೆಗೆ ಭೀಮಾ ತೀರದ ರೊಟ್ಟಿ

◆ ಕೊರಿಯಾದ ಅಡುಗೆಯನ್ನು ಬೇರೊಂದು ನೆಲದ ರೊಟ್ಟಿಗೆ ಹಚ್ಚಿ ಜಗತ್ತಿನ ಗಮನ ಸೆಳೆದದ್ದು ದೊಡ್ಡ ಹೋಟೆಲ್ ಅಲ್ಲ, ಒಂದು ಗಾಡಿ. 2008ರಲ್ಲಿ ಲಾಸ್ ಏಂಜಲೀಸ್‌ನ ಬೀದಿಗಿಳಿದ ‘ಕೋಗಿ’ಯಲ್ಲಿ ರಾಯ್ ಚೊಯ್ ಎಂಬ ಬಾಣಸಿಗ ಕೊರಿಯಾ ಶೈಲಿಯಲ್ಲಿ ಸುಟ್ಟ ಮಾಂಸವನ್ನು ಮೆಕ್ಸಿಕೋದವರ ಮೆಕ್ಕೆಜೋಳದ ರೊಟ್ಟಿಯಲ್ಲಿಟ್ಟು ಕೊಟ್ಟರು.

◆ ಜೋಳದ ರೊಟ್ಟಿಯ ನಾಡಿನವರಿಗೆ ಇದು ಕೂಡಲೇ ಅರ್ಥವಾಗುವ ಮಾತು. ಅಷ್ಟೇ ಅಲ್ಲ, ಜೋಳ ಕೊರಿಯಾಕ್ಕೂ ಹೊಸದಲ್ಲ. ಅಲ್ಲಿ ಮಗುವಿಗೆ ನೂರು ದಿನ ತುಂಬಿದಾಗ, ಮೊದಲ ಹುಟ್ಟುಹಬ್ಬಕ್ಕೆ, ಜೋಳದ ಹಿಟ್ಟಿನ ಉಂಡೆ ಬೇಯಿಸಿ ಕೆಂಪು ಕಾಳಿನ ಪುಡಿಯಲ್ಲಿ ಹೊರಳಿಸುತ್ತಾರೆ. ಕೆಂಪು ಬಣ್ಣ ಕೂಸಿನ ಹತ್ತಿರ ಕೆಡುಕು ಸುಳಿಯದಂತೆ ಕಾಯುತ್ತದೆಂಬ ನಂಬಿಕೆ. ಇತ್ತ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೆ ಬ್ಯಾರೇಜ್ ಕಟ್ಟಿದ್ದಾರೆ, ಆ ಭಾಗದಲ್ಲಿ ಕಬ್ಬೂ ಬೆಳೆಯುತ್ತದೆ. ಗಂಗಾಳಕ್ಕೆ ಬೀಳುವುದು ಮಾತ್ರ ಹಿಂಗಾರಿ ಬಿಳಿಜೋಳದ ರೊಟ್ಟಿಯೇ.

◆ ಎಳ್ಳಮಾವಾಸ್ಯೆಗೆ ನಮ್ಮ ಹೊಲಗಳಲ್ಲಿ ಚರಗ ಚೆಲ್ಲಿ ಬನ್ನಿ ಗಿಡದ ನೆರಳಿಗೆ ಬುತ್ತಿ ಬಿಚ್ಚುತ್ತಾರಲ್ಲ, ಅದನ್ನೊಮ್ಮೆ ನೆನೆಯಿರಿ. ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ. ಜೊತೆಗೆ ಹಸಿ ಕಡಲೆ, ತೊಗರಿ, ಅವರೆ ಕಾಳುಗಳನ್ನೂ ಸಿಕ್ಕ ಸೊಪ್ಪುಗಳನ್ನೂ ಒಂದೇ ಗಡಿಗೆಯಲ್ಲಿ ಕುದಿಸಿ ಕಡಲೆ ಹಿಟ್ಟು ಹಚ್ಚಿದ ಬಜ್ಜಿ. ಕೊರಿಯಾದವರು ಹೊಸ ವರ್ಷದ ಮೊದಲ ಹುಣ್ಣಿಮೆಗೆ ಅಕ್ಕಿ, ಜೋಳ, ಸಿರಿಧಾನ್ಯ, ಕಾಳು ಬೆರೆಸಿದ ಐದು ಧಾನ್ಯದ ಅನ್ನ ಮಾಡುತ್ತಾರೆ. ನಂಚಿಕೊಳ್ಳಲು ಬೇಸಿಗೆಯಿಂದ ಒಣಗಿಸಿ ಕಾದಿಟ್ಟ ಬಗೆಬಗೆಯ ಸೊಪ್ಪಿನ ಪಲ್ಯ. ಎರಡು ದೇಶದ ಅಡುಗೆ ಬೆರೆಸಹೊರಟ ಹೋಟೆಲಿನವರು ಮೊದಲು ನೋಡಬೇಕಾದದ್ದು ಈ ಎರಡು ಊಟಗಳನ್ನು. ಗೋಬಿ ಮಂಚೂರಿಗೆ ಕೊರಿಯಾದ ಸಾಸ್ ಸುರಿದು ಹೆಸರು ಬದಲಿಸಿದರೆ ಅದು ಬೆರಕೆಯೇ ಹೊರತು ಕೂಡಿಕೆಯಲ್ಲ.

◆ ಕೊರಿಯಾದವರ ತರಕಾರಿ ಉಪ್ಪಿನಕಾಯಿ ಕಿಮ್ಚಿಗೆ ಹುಳಿ ಬರಿಸುವ ‘ಲ್ಯೂಕೋನೊಸ್ಟಾಕ್ ಮೆಸೆಂಟರಾಯ್ಡಿಸ್’ ಎಂಬ ಸೂಕ್ಷ್ಮಜೀವಿಯೇ ನಮ್ಮ ಇಡ್ಲಿ ಹಿಟ್ಟನ್ನೂ ಉಬ್ಬಿಸುತ್ತದೆ!

◆ ಬೆಂಗಳೂರಿನ ಕ್ಯಾಸಲ್ ಸ್ಟ್ರೀಟ್‌ನ ‘ಹೇ ಕುಮ್ ಗಾಂಗ್’ ಹೆಸರಾದ ಕೊರಿಯನ್ ಹೋಟೆಲ್. ಅಲ್ಲಿ ಸಿಗುವಂಥ ಕೊರಿಯಾದ ಊಟದಲ್ಲಿ ಸಣ್ಣ ಬಟ್ಟಲುಗಳ ನಂಚಿಕೆಗೆ ಬೇರೆ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ತುಂಬಿಸುವುದು ರೂಢಿ. ನಮ್ಮ ಖಾನಾವಳಿಯಲ್ಲಿ ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಬಡಿಸುವ ರೀತಿಯೂ ಅದೇ.

◆ ಒಣಮೆಣಸಿನಕಾಯಿ ಎರಡೂ ಕಡೆ ಪರದೇಶಿ. ಅಮೆರಿಕ ಖಂಡದಿಂದ ಹೊರಟ ಬೀಜ ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು; ಕೊರಿಯಾಕ್ಕೆ ಜಪಾನಿನ ಮೂಲಕ 16ನೇ ಶತಮಾನದ ಕೊನೆಗೆ ಹೋಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕಿಮ್ಚಿಗೆ ಬೇಕಾದ ಖಾರಪುಡಿ ಬಣ್ಣ ಹೆಚ್ಚು, ಖಾರ ಹದ ಇರುವಂಥದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬ್ಯಾಡಗಿಯ ಗುಣವೂ ಅದೇ. ಬೀಜ ತೆಗೆದು ತರಿತರಿಯಾಗಿ ಕುಟ್ಟಿದರೆ ಕೊರಿಯಾದ ಪೊಟ್ಟಣ ತರಿಸಬೇಕಾಗಿಲ್ಲ.

◆ ಸೋಲ್ ನಗರದ ‘ಮಿಂಗಲ್ಸ್’ ರೆಸ್ಟೋರೆಂಟ್ ಹುಳಿಗಟ್ಟಿಸಿದ ಸೋಯಾ ಮುದ್ದೆಯಿಂದ ಸಿಹಿತಿಂಡಿ ಮಾಡುತ್ತದೆ. 2025ರಲ್ಲಿ ಅದಕ್ಕೆ ಮಿಶೆಲಿನ್‌ನ ಮೂರು ತಾರೆ ಸಿಕ್ಕಿತು. ಸೋಯಾದ ಇಂಥ ವ್ಯಂಜನಗಳನ್ನು ಮಾಡುವ ಪದ್ಧತಿಯನ್ನು 2024ರಲ್ಲೇ ಯುನೆಸ್ಕೊ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತ್ತು.

◆ ಮಾಮೂಲಿ ಕಿಮ್ಚಿಗೆ ಮೀನಿನ ರಸವೋ ಉಪ್ಪು ಹಾಕಿದ ಸೀಗಡಿಯೋ ಬೀಳುತ್ತದೆ. ಕಲಬುರಗಿಯ ಅನೇಕ ಮನೆಗಳು ಅಲ್ಲಿಗೇ ಕೈ ಹಿಂದೆಗೆಯುತ್ತವೆ. ಆದರೆ ಕೊರಿಯಾದ ಬೌದ್ಧ ಮಠಗಳ ಅಡುಗೆಯಲ್ಲಿ ಮೀನು, ಮಾಂಸ ಇಲ್ಲ. ಬೆಳ್ಳುಳ್ಳಿ, ಉಳ್ಳಾಗಡ್ಡಿಯೂ ಇಲ್ಲ. ಬೆಕ್‌ಯಾಂಗ್ಸಾ ಮಠದ ಸನ್ಯಾಸಿನಿ ಜಾಂಗ್ ಕ್ವಾನ್ ಅವರ ಇಂಥ ಅಡುಗೆ 2017ರ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರ ಸರಣಿಯಿಂದ ಲೋಕಕ್ಕೆಲ್ಲ ಪರಿಚಯವಾಯಿತು. ಅವರು ಹೋಟೆಲ್ ನಡೆಸುವುದಿಲ್ಲ. ಮಠದವರಿಗೆ, ಬಂದವರಿಗೆ ಬಡಿಸುತ್ತಾರೆ.