ಮರಳಿ ಬರಬೇಕಿಲ್ಲದ ಬೂಮರಾಂಗ್

ದಕ್ಷಿಣ ಆಸ್ಟ್ರೇಲಿಯಾದ ಮಿಲಿಸೆಂಟ್ ಊರಿನ ಬಳಿ ವೈರೀ ಸ್ವಾಂಪ್ ಎಂಬ ಜೌಗುನೆಲವಿದೆ. 1973ರಲ್ಲಿ ಅಲ್ಲಿ ಅಗೆತ ನಡೆಸಿದ ಪುರಾತತ್ವಜ್ಞ ರೋಜರ್ ಲ್ಯೂಬರ್ಸ್ ಅವರಿಗೆ ಕರಿಮಣ್ಣಿನೊಳಗೆ ಮರದ ಸಲಕರಣೆಗಳು ಸಿಕ್ಕವು. ನೆಲ ಬಗೆಯುವ ಕೋಲು, ಈಟಿ, ಜೊತೆಗೆ ಬೂಮರಾಂಗ್‌ಗಳು. ಅವುಗಳ ವಯಸ್ಸು ಸುಮಾರು 10,000 ವರ್ಷ! ಗೆದ್ದಲು, ಮಳೆ, ಬಿಸಿಲಿಗೆ ಸಿಕ್ಕ ಮರ ಇಷ್ಟು ಕಾಲ ಉಳಿಯುವ ಮಾತೇ ಇಲ್ಲ. ನೀರು ತುಂಬಿ ಗಾಳಿಯಾಡದ ಆ ಮಣ್ಣು ಅವನ್ನು ಕಾಪಾಡಿಕೊಂಡು ಬಂದಿತ್ತು.

ಬೂಮರಾಂಗ್ ಎಂದರೆ ಎಸೆದವರ ಕೈಗೇ ಮರಳುವ ಕೋಲು ಎಂಬುದು ಲೋಕರೂಢಿ. ಆದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳು ಕೆತ್ತಿಕೊಂಡ ಬೂಮರಾಂಗ್‌ಗಳಲ್ಲಿ ಬಹುಪಾಲು ಮರಳಿ ಬರುವಂಥವಲ್ಲ. ಬರಬೇಕಾದ ಅಗತ್ಯವೂ ಇಲ್ಲ. ಕಾಂಗರೂವಿನ ಕಾಲಿಗೋ ಎಮುವಿನ ಕತ್ತಿಗೋ ಬಡಿದ ಕೋಲು ಬೇಟೆಯ ಪಕ್ಕದಲ್ಲೇ ಬಿದ್ದಿರುತ್ತದೆ. ಬೇಟೆಗಾರ ಹೇಗೂ ಅಲ್ಲಿಗೆ ಹೋಗಲೇಬೇಕು. ಇಂಥ ಬೂಮರಾಂಗ್ ತೂಕವಾಗಿರುತ್ತದೆ, ಅದರ ಬಾಗು ಕಡಿಮೆ. ನೆಲಮಟ್ಟದಲ್ಲಿ ನೇರವಾಗಿ ಹಾರಿ ನೂರು ಮೀಟರ್ ದಾಟಬಲ್ಲದು.

ಮರಳಿ ಬರುವುದು ಇದರ ಹಗುರ ತಮ್ಮ. ಹೆಚ್ಚಾಗಿ ಆಟಕ್ಕೆ, ಪಂದ್ಯಕ್ಕೆ ಬಳಕೆ. ಬೇಟೆಯಲ್ಲೂ ಅದಕ್ಕೊಂದು ಜಾಣ ಕೆಲಸವಿತ್ತು. ಆಗ್ನೇಯ ಆಸ್ಟ್ರೇಲಿಯಾದ ಹೊಳೆಗಳಲ್ಲಿ ಅಡ್ಡಲಾಗಿ ಬಲೆ ಕಟ್ಟಿ, ಕಾಡುಬಾತುಗಳ ಹಿಂಡಿನ ಮೇಲೆ ಬೂಮರಾಂಗ್ ಹಾರಿಸುತ್ತಿದ್ದರು. ಗಿಡುಗ ಬಂತೆಂದು ಹೆದರಿದ ಹಕ್ಕಿಗಳು ತಗ್ಗಿ ಹಾರಿ ನೇರ ಬಲೆಗೇ ನುಗ್ಗುತ್ತಿದ್ದವು.

ಎಸೆಯುವುದೊಂದೇ ಇದರ ಉಪಯೋಗವಲ್ಲ. ಒಲೆಗುಂಡಿ ತೋಡಲು, ಕೆಂಡ ಸರಿಸಲು, ಗುರಾಣಿಯ ಮೇಲೆ ಉಜ್ಜಿ ಬೆಂಕಿ ಹೊತ್ತಿಸಲು ಅದೇ ಕೋಲು. ಮಧ್ಯ ಆಸ್ಟ್ರೇಲಿಯಾದಲ್ಲಿ ಹಾಡಿನ ಹೊತ್ತಿಗೆ ಎರಡು ಬೂಮರಾಂಗ್ ಹಿಡಿದು ತಟ್ಟಿದರೆ ತಾಳವೂ ಅದೇ. ಉಲುರು ಬಂಡೆಯ ಒಡೆಯರಾದ ಅನಂಗು ಜನರ ಕಥೆಯಲ್ಲಿ ತಾಟ್ಜಿ ಎಂಬ ಕೆಂಪು ಹಲ್ಲಿ ಎಸೆದ ‘ಕಲಿ’, ಅಂದರೆ ಬಾಗುಕೋಲು, ಬಂಡೆಯಲ್ಲಿ ಹುಗಿದುಹೋಗುತ್ತದೆ. ಅದನ್ನು ಬಗೆದು ತೆಗೆಯಲು ಹಲ್ಲಿ ಪಟ್ಟ ಪಾಡಿನ ಗುರುತುಗಳೇ ಬಂಡೆಯ ಮೈಮೇಲಿನ ಬೋಗುಣಿಯಂಥ ಕುಳಿಗಳು. ಬದುಕಿನಲ್ಲೂ ಭೂಗೋಳದಲ್ಲೂ ಇಷ್ಟು ಆಳಕ್ಕೆ ಇಳಿದ ವಸ್ತುವನ್ನು ಆಟಿಕೆಯೆಂದು ಕರೆಯುವುದು ಅನ್ಯಾಯ.

ಬಾಗಿದ ಎಸೆಗೋಲು ಬೇರೆ ಕಡೆಯೂ ಇತ್ತು. ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಸಮಾಧಿಯಲ್ಲಿ ಸಿಕ್ಕಿದೆ. ನಮ್ಮ ನೆರೆಯ ತಮಿಳುನಾಡಿನ ಶಿವಗಂಗೆ, ಪುದುಕ್ಕೋಟೆ ಸೀಮೆಯ ‘ವಳರಿ’ ಇದೇ ಜಾತಿಯದು.

ಆಸ್ಟ್ರೇಲಿಯಾದಲ್ಲಿ ಬೂಮರಾಂಗ್ ಮಾಡುವ ಕೆಲಸ ಶುರುವಾಗುವುದು ಮರದ ಆಯ್ಕೆಯಿಂದ. ಮುಲ್ಗಾದಂಥ ಜಾಲಿ ಜಾತಿಯ ಮರಗಳಲ್ಲಿ ಕಾಂಡ ಬೇರಿಗೆ ಹೊರಳುವ ಜಾಗವನ್ನೋ ಕೊಂಬೆಯ ಮೂಲವನ್ನೋ ನೋಡಿ ಕಡಿಯುತ್ತಾರೆ. ಅಲ್ಲಿ ಮರದ ಎಳೆಯೇ ಬಾಗಿರುತ್ತದೆ. ನೇರ ಹಲಗೆಯಿಂದ ಬಾಗು ಕೆತ್ತಿದರೆ ಎಳೆ ತುಂಡಾಗಿ, ಏಟು ಬಿದ್ದಲ್ಲಿ ಮುರಿಯುತ್ತದೆ. ಆಮೇಲೆ ಕೆತ್ತನೆ, ಬಿಸಿಬೂದಿಯಲ್ಲಿ ಕಾಯಿಸಿ ತೋಳುಗಳನ್ನು ಕೊಂಚ ತಿರುಚುವ ಕೈಚಳಕ.

ಹಾಗಾದರೆ ಅದು ಮರಳುವುದು ಹೇಗೆ? ಮರಳುವ ಬೂಮರಾಂಗ್‌ನ ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಎರಡೂ ತೋಳುಗಳು ವಿಮಾನದ ರೆಕ್ಕೆಯಂತೆ ಕೆಲಸ ಮಾಡುತ್ತವೆ. ಅದನ್ನು ಅಡ್ಡಲಾಗಿ ಎಸೆಯುವುದಿಲ್ಲ. ಬಹುತೇಕ ನೆಟ್ಟಗೆ ಹಿಡಿದು, ಮಣಿಕಟ್ಟಿನಿಂದ ಬಲವಾಗಿ ತಿರುಗಿಸಿ ಬಿಡುತ್ತಾರೆ. ಹೀಗೆ ಹಿಡಿದಾಗ ರೆಕ್ಕೆಯ ಬಲ ಮೇಲಕ್ಕಲ್ಲ, ಪಕ್ಕಕ್ಕೆ ಒತ್ತುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಬೂಮರಾಂಗ್‌ನ ತುದಿ ಅದರ ನಡುವಿನ ಸುತ್ತ 55 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿದೆ ಎಂದುಕೊಳ್ಳೋಣ. ಮೇಲಿರುವ ತೋಳು ಮುಂದಕ್ಕೆ ಬೀಸುವುದರಿಂದ ಅದರ ತುದಿ ಗಾಳಿಯನ್ನು 145 ಕಿಲೋಮೀಟರ್ ವೇಗದಲ್ಲಿ ಸೀಳುತ್ತದೆ. ಕೆಳಗಿನದು ಹಿಂದಕ್ಕೆ ಬೀಸುತ್ತಿರುತ್ತದೆ, ಅದಕ್ಕೆ ದಕ್ಕುವುದು 35 ಮಾತ್ರ. ಹಾಗಾಗಿ ಮೇಲಿನ ತೋಳಿನ ಮೇಲೆ ಒತ್ತಡ ಹೆಚ್ಚು.

ಸುಮ್ಮನೆ ಹಾರುವ ಕೋಲಾಗಿದ್ದರೆ ಈ ಒತ್ತಡಕ್ಕೆ ಮಗುಚಿ ಬೀಳುತ್ತಿತ್ತು. ಗಿರಗಿರನೆ ತಿರುಗುವ ವಸ್ತುವಿನ ಗುಣವೇ ಬೇರೆ. ವಾಲಿದ ಬುಗುರಿ ಬೀಳದೆ ತನ್ನ ಮೊಳೆಯ ಸುತ್ತ ವೃತ್ತ ಹಾಕುವುದಿಲ್ಲವೇ, ಹಾಗೆಯೇ ಬೂಮರಾಂಗ್ ಕೂಡ ಮಗುಚುವ ಬದಲು ದಿಕ್ಕು ಹೊರಳಿಸುತ್ತದೆ. ಕ್ಷಣಕ್ಷಣಕ್ಕೂ ಹೊರಳುತ್ತ ಹೋದರೆ ದಾರಿಯೇ ವೃತ್ತವಾಗುತ್ತದೆ. ಬಲಗೈಯಲ್ಲಿ ಎಸೆದದ್ದು ಎಡಕ್ಕೆ ಬಳಸಿ ಬರುತ್ತದೆ. ಇದರಲ್ಲಿ ಗುರುತ್ವಾಕರ್ಷಣೆಯ ಪಾತ್ರವಿಲ್ಲ. 2008ರಲ್ಲಿ ಜಪಾನಿನ ಗಗನಯಾತ್ರಿ ತಕಾವೊ ದೋಯಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದೊಳಗೆ ಎಸೆದ ಪುಟ್ಟ ಬೂಮರಾಂಗ್ ಅವರ ಬಳಿಗೇ ಮರಳಿತು.

ಈ ಹಾರಾಟದಲ್ಲಿ ಭವಿಷ್ಯ ಕಂಡವರು ಡೇವಿಡ್ ಯೂನೈಪಾನ್. 1872ರಲ್ಲಿ ಹುಟ್ಟಿದ ಇವರು ಙರಿಂಡ್ಜೆರಿ ಸಮುದಾಯದವರು, ಸ್ವತಃ ಸಂಶೋಧಕರು, ಲೇಖಕರು. ಬೂಮರಾಂಗ್‌ನ ತತ್ವದಿಂದ ನೆಟ್ಟಗೆ ಮೇಲೇಳುವ ಹಾರುಯಂತ್ರ ಮಾಡಬಹುದೆಂದು 1914ರಲ್ಲೇ ಹೇಳಿದ್ದರು. ಬಳಕೆಗೆ ಬರುವಂಥ ಹೆಲಿಕಾಪ್ಟರ್‌ಗೆ ಇನ್ನೂ ಎರಡು ದಶಕವಿತ್ತು. ಆಸ್ಟ್ರೇಲಿಯಾದ 50 ಡಾಲರ್ ನೋಟಿನ ಮೇಲೆ ಇಂದು ಇವರ ಮುಖವಿದೆ.

ಅದೇ ದೇಶದ ಪ್ರವಾಸಿ ಅಂಗಡಿಗಳಲ್ಲಿ ಬೇರೊಂದು ವ್ಯಾಪಾರವೂ ನಡೆದಿದೆ. ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್‌ ಮುಂತಾದವನ್ನು ಮೂಲನಿವಾಸಿಗಳ ಕೈಕೆಲಸವೆಂದು ನಂಬಿಸಿ ಮಾರಿದ ಕಂಪನಿಯೊಂದಕ್ಕೆ 2019ರಲ್ಲಿ ಫೆಡರಲ್ ನ್ಯಾಯಾಲಯ 23 ಲಕ್ಷ ಡಾಲರ್ ದಂಡ ಹಾಕಿತು. ಹಾಗಾಗಿ ಆಸ್ಟ್ರೇಲಿಯಾಕ್ಕೆ ಹೋದವರು ಬೂಮರಾಂಗ್ ಕೊಳ್ಳುವ ಮೊದಲು ಎರಡು ಸಂಗತಿ ನೋಡಬೇಕು: ಮರದ ಎಳೆ ಬಾಗಿನ ಜೊತೆಗೇ ಬಾಗಿದೆಯೇ, ಕೆತ್ತಿದವರ ಹೆಸರು, ಸಮುದಾಯ ಯಾವುದೆಂದು ಅಂಗಡಿಯವರು ಹೇಳಬಲ್ಲರೇ.