ಕತ್ತಲ ಜೊತೆ ಪುಗಡಿ

ನಾಗರ ಪಂಚಮಿಯ ರಾತ್ರಿ. ಭಾತಂಬ್ರಾದ ಕೋಟೆಗೋಡೆಯ ಕಲ್ಲು ಮಳೆಗೆ ನೆಂದು ಇನ್ನೂ ತಣ್ಣಗಿದೆ. ಕೆಳಗೆ ಬೇವಿನ ಮರದ ಜೋಕಾಲಿ ಖಾಲಿ. ಹುಡುಗಿಯರೆಲ್ಲ ಪುಗಡಿಗೆ ಇಳಿದಿದ್ದಾರೆ. ಕೈಗೆ ಕೈ ಹೆಣೆದು, ಹಿಂದಕ್ಕೆ ಜೋತು, ಗರಗರ. ಅಕ್ಕ ಗಟ್ಟಿ ಆಳು, ತಂಗಿ ಕಡ್ಡಿ. ಅಕ್ಕ ಸಣ್ಣ ಸುತ್ತು ಹಾಕಿದರೆ ತಂಗಿ ಅಂಗಳದ ತುಂಬ ಹಾರುತ್ತಾಳೆ.

ಚಂದ್ರ ಮುಳುಗುವ ಹೊತ್ತಿಗೆ ಮೋಡ ಹರಿದು, ನೆತ್ತಿಯಿಂದ ತುಸು ಉತ್ತರಕ್ಕೆ ರಾಜಹಂಸ ನಕ್ಷತ್ರಪುಂಜ ಕಾಣಿಸಿತು. ಅದರ ಕೊರಳಲ್ಲೊಂದು ನೀಲಿ ತಾರೆ. ಬರಿಗಣ್ಣಿಗೆ ಸಿಗದು, ದುರ್ಬೀನು ಬೇಕು. ಅದೂ ಪುಗಡಿ ಆಡುತ್ತಿದೆ, 5.6 ದಿನಕ್ಕೊಂದು ಸುತ್ತು. ಕೈ ಹಿಡಿದವರು ಮಾತ್ರ ಕಾಣುವುದಿಲ್ಲ. ಇದೇ ಸಿಗ್ನಸ್ ಎಕ್ಸ್-1. 1964ರಲ್ಲಿ ರಾಕೆಟ್ಟೊಂದು ಅಲ್ಲಿಂದ ಬರುವ ಎಕ್ಸ್-ಕಿರಣ ಹಿಡಿಯಿತು. 1971ರಲ್ಲಿ ನೀಲಿ ತಾರೆಯ ತೊನೆದಾಟ ಗೊತ್ತಾಗಿ ಕಪ್ಪುಕುಳಿಯ ಗುಮಾನಿ ಬಲವಾಯಿತು.

“ಕಾಣಲಾರದ್ದು ಹ್ಯಾಂಗ ತೂಗ್ತಾರ್ರೀ?” ಪಕ್ಕದಲ್ಲಿ ಅಳ್ಳು ಮುಕ್ಕುತ್ತ ಕೂತ ಆಯಿ ಕೇಳಿದರು.

“ಅಕ್ಕ ಎಷ್ಟು ತೊನೀತಾಳ ನೋಡ್ರಿ ಆಯಿ. ತಂಗಿ ಕತ್ತಲಾಗಿದ್ರೂ ತೂಕ ತಿಳೀತದ.”

ತಾರೆ ನಮ್ಮತ್ತ ಬಂದಾಗ ಅದರ ಬೆಳಕಿನ ಗೆರೆಗಳು ನೀಲಿಯತ್ತ, ದೂರ ಸರಿದಾಗ ಕೆಂಪಿನತ್ತ ಜರುಗುತ್ತವೆ. ಆ ಜರುಗಿನಿಂದ ಸಿಕ್ಕ ವೇಗ ಸೆಕೆಂಡಿಗೆ ಸುಮಾರು 75 ಕಿ.ಮೀ. ವೇಗ, ಅವಧಿ ಎರಡೂ ಕೈಗೆ ಬಂದರೆ ಕೆಪ್ಲರನ ಲೆಕ್ಕ ಕನಿಷ್ಠ ತೂಕ ಹೇಳುತ್ತದೆ. ಕನಿಷ್ಠ ಮಾತ್ರ ಏಕೆ ಎಂಬುದಕ್ಕೆ ಈ ಕೋಟೆಯೇ ಸಾಕ್ಷಿ. ಅಂಗಳದಲ್ಲಿ ನಿಂತವರಿಗೆ ಹುಡುಗಿಯರು ಹತ್ತಿರ ಬರುತ್ತಾರೆ, ದೂರ ಹೋಗುತ್ತಾರೆ. ಗೋಡೆಯ ಮೇಲಿಂದ ಬಗ್ಗಿ ನೋಡಿದರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಬರೀ ತಿರುಗುತ್ತಾರೆ. ಸಿಗ್ನಸ್ ಜೋಡಿಯನ್ನು ನಾವು ಹೆಚ್ಚುಕಡಿಮೆ ಹೀಗೆ ಮೇಲಿಂದಲೇ ನೋಡುತ್ತಿದ್ದೇವೆ. ಓರೆ ಸುಮಾರು 27 ಡಿಗ್ರಿ ಅಷ್ಟೇ. ನಿಜವಾದ ವೇಗದ ಅರ್ಧವೂ ಕಣ್ಣಿಗೆ ದಕ್ಕದು.

ಇದಕ್ಕಿಂತ ದೊಡ್ಡ ತಕರಾರು ದೂರದ್ದು. ಅಕ್ಕನ ತೂಕ ತಿಳಿಯದೆ ತಂಗಿಯದು ತಿಳಿಯದು. ತಾರೆಯ ತೂಕ ಹೇಳುವುದು ಅದರ ನಿಜವಾದ ಪ್ರಭೆ. ಆ ಪ್ರಭೆಯ ಲೆಕ್ಕಕ್ಕೆ ದೂರ ಸರಿಯಿರಬೇಕು. 2011ರಲ್ಲಿ ಸುಮಾರು 6,000 ಜ್ಯೋತಿರ್ವರ್ಷ ಎಂದು ಹಿಡಿದು ಕಪ್ಪುಕುಳಿಗೆ 15 ಸೂರ್ಯರ ತೂಕ ಕಟ್ಟಿದ್ದರು. 2021ರಲ್ಲಿ ರೇಡಿಯೊ ದೂರದರ್ಶಕಗಳಿಂದ ಮತ್ತೆ ಅಳೆದಾಗ ದೂರ 7,200 ಆಯಿತು, ತೂಕ 21 ಸೂರ್ಯರಿಗೆ ಏರಿತು. ಅಡತಿ ಅಂಗಡಿಯ ಕಾಂಟಾದಲ್ಲಿ ಉದ್ದು ಹೀಗೆ ಏರಿದ್ದರೆ ಜಗಳವೇ ಆಗುತ್ತಿತ್ತು.

ಜೋಡಿಯಲ್ಲಿ ಇಬ್ಬರೂ ಕಪ್ಪಾದರೆ ಕಣ್ಣು ಸಾಲದು, ಕಿವಿ ಬೇಕು. ಕದಡಿದ ಕಪ್ಪುಕುಳಿ ಹೊಡೆದ ಗಂಟೆಯ ಹಾಗೆ ಮಿಡಿದು ತಣ್ಣಗಾಗುತ್ತದೆ, ಆ ಮಿಡಿತದಲ್ಲಿ ಅದರ ತೂಕವಿದೆ ಎಂದು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ 1970ರಲ್ಲೇ ತೋರಿಸಿದ್ದರು. 2015ರಲ್ಲಿ ಅಮೆರಿಕದ ಗುರುತ್ವ ಅಲೆಗಳ ಶೋಧಕ ಲೈಗೊ ಅಂಥದೊಂದು ಜೋಡಿಯ ಕೊನೆಯ ಸುತ್ತುಗಳನ್ನು ಕೇಳಿಸಿಕೊಂಡಿತು.

ಕೋಟೆಯಿಂದ ಉತ್ತರಕ್ಕೆ, ರಾಜ್ಯದ ಗಡಿಯಾಚೆ ಹಿಂಗೋಲಿ ಜಿಲ್ಲೆ. ಆಯಿ ಯಾತ್ರೆ ಹೋಗಿ ಬಂದ ಔಂಢಾ ನಾಗನಾಥ ಇರುವುದು ಅಲ್ಲೇ. ಅದರ ಸಮೀಪವೇ, ತಲಾ 4 ಕಿ.ಮೀ. ಉದ್ದದ ಎರಡು ತೋಳುಗಳ ಲೈಗೊ-ಇಂಡಿಯಾ ಕಟ್ಟಲು ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ.